ವಿಪಿಎನ್ ಟ್ರೇಸ್ ಲಾಗ್ ಯಾರಿಗಾದರೂ ಕಳಿಸುವ ಮೊದಲು ಇದನ್ನು ಓದಿ

ವಿಪಿಎನ್ ಕನೆಕ್ಟ್ ಆಗುತ್ತಿಲ್ಲ. ಸಪೋರ್ಟ್‌ನವರು ಲಾಗ್ ಕೇಳುತ್ತಾರೆ. ಡೀಬಗ್ ಲೆವೆಲ್ (ಲಾಗ್‌ನಲ್ಲಿ ಎಷ್ಟು ವಿವರ ಬರೆಯಬೇಕು ಅನ್ನುವ ಸೆಟ್ಟಿಂಗ್) ಪೂರ್ತಿ ಏರಿಸಿ, ಬಂದ ಫೈಲನ್ನು ಜಿಪ್ ಮಾಡಿ ಕಳಿಸಿಬಿಡುತ್ತೇವೆ. ನಾನೂ ಹಾಗೇ ಮಾಡಿದೆ. ಆ ಜಿಪ್‌ನಲ್ಲಿ ನಮ್ಮ ಆಫೀಸಿನ ವಿಪಿಎನ್ ಕೀ ಇತ್ತು, ಅದೂ ಯಾರು ಬೇಕಾದರೂ ಓದುವಂತೆ.

ನಮ್ಮ ಮುಖ್ಯ ಕಚೇರಿಯಿಂದ ಆರು ಬ್ರಾಂಚ್‌ಗಳಿಗೆ ಐಪಿಸೆಕ್ ಟನೆಲ್ (ಎನ್‌ಕ್ರಿಪ್ಟ್ ಆದ ವಿಪಿಎನ್ ದಾರಿ) ಇದೆ. ನಮ್ಮ ಕಡೆ ಲಿನಕ್ಸ್ ಸರ್ವರ್ ಮೇಲೆ ಸ್ಟ್ರಾಂಗ್‌ಸ್ವಾನ್ ಅನ್ನುವ ವಿಪಿಎನ್ ಪ್ರೋಗ್ರಾಂ, ಬ್ರಾಂಚ್‌ಗಳಲ್ಲಿ ರೌಟರ್. ಒಂದು ಬ್ರಾಂಚ್‌ನ ರೌಟರ್‌ಗೆ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು. ಮಾರನೇ ಬೆಳಿಗ್ಗೆಯಿಂದ ಆ ಟನೆಲ್ ಏಳಲೇ ಇಲ್ಲ. ರೌಟರ್ ಪರದೆ ಮೇಲೆ ಒಂದೇ ಸಾಲು: ನೋ ಪ್ರಪೋಸಲ್ ಚೋಸನ್. ಅಂದರೆ ಯಾವ ಎನ್‌ಕ್ರಿಪ್ಷನ್, ಯಾವ ಹ್ಯಾಶ್ (ಡೇಟಾ ಬದಲಾಗಿಲ್ಲ ಅಂತ ಪರೀಕ್ಷಿಸುವ ಲೆಕ್ಕ), ಯಾವ ಡಿಫಿ-ಹೆಲ್ಮನ್ ಗ್ರೂಪ್ (ಎರಡೂ ಕಡೆ ಸೇರಿ ಗುಟ್ಟಿನ ಕೀ ಹುಟ್ಟಿಸುವ ಲೆಕ್ಕದ ಅಳತೆ) ಅನ್ನುವ ಮಾತುಕತೆಯಲ್ಲೇ ಎರಡು ಕಡೆಗೂ ಒಪ್ಪಂದ ಆಗಲಿಲ್ಲ.

ಅಷ್ಟು ಓದಿದರೆ ಸಾಕಿತ್ತು. ಆದರೆ ಫೋನ್ ಮೇಲೆ ಫೋನ್ ಬರುತ್ತಿತ್ತು. ಮೊದಲು ಫೈರ್‌ವಾಲ್ ಮೇಲೆ ಅನುಮಾನ ಪಟ್ಟೆ. ವಿಪಿಎನ್ ಮಾತುಕತೆ ಹೋಗುವ ಯುಡಿಪಿ ಪೋರ್ಟ್ 500, 4500 ಎರಡನ್ನೂ ಮತ್ತೆ ಮತ್ತೆ ನೋಡಿದೆ. ಅದು ಸುಮ್ನೆ ಹೋದ ಸಮಯ. ಆ ಕಡೆಯಿಂದ 'ಬೇಡ' ಅನ್ನುವ ಉತ್ತರ ಬಂತು ಅಂದರೇನೇ ಪ್ಯಾಕೆಟ್ ಹೋಗಿದೆ, ವಾಪಸ್ಸೂ ಬಂದಿದೆ ಅಂತ ಅರ್ಥ ಅಲ್ವಾ? ದಾರಿ ಮುಚ್ಚಿದ್ದರೆ ಬರೀ ಟೈಮ್‌ಔಟ್ ಆಗುತ್ತದೆ.

ಕೊನೆಗೆ ಹೊರಗಿನ ಒಂದು ಸಪೋರ್ಟ್ ತಂಡಕ್ಕೆ ಬರೆದೆ. ಅವರು ಎರಡು ಕೇಳಿದರು. ಎಲ್ಲದಕ್ಕೂ ಡೀಬಗ್ ಲೆವೆಲ್ 4 ಇಟ್ಟು ತೆಗೆದ ಲಾಗ್, ಅದೇ ಹೊತ್ತಿನ ಪ್ಯಾಕೆಟ್ ಕ್ಯಾಪ್ಚರ್ (ನೆಟ್‌ವರ್ಕ್‌ನಲ್ಲಿ ಹೋಗಿಬರುವ ಡೇಟಾದ ನಕಲು). ಮೂರು ಗಂಟೆ ಓಡಿಸಿ ಎರಡನ್ನೂ ಒಂದೇ ಜಿಪ್‌ನಲ್ಲಿ ಹಾಕಿ ಮೇಲ್ ಮಾಡಿದೆ. ಪಾಸ್‌ವರ್ಡ್ ಕೂಡ ಹಾಕಲಿಲ್ಲ.

ಸ್ಟ್ರಾಂಗ್‌ಸ್ವಾನ್‌ನಲ್ಲಿ ಲೆವೆಲ್ 4 ಅಂದರೆ ಲೆವೆಲ್ 3ಕ್ಕಿಂತ ಸ್ವಲ್ಪ ಜಾಸ್ತಿ ವಿವರ ಅಂತಷ್ಟೇ ನಾನು ತಿಳಿದಿದ್ದೆ. ಅಲ್ಲ. ಗುಟ್ಟಾಗಿರಬೇಕಾದ ಕೀಗಳನ್ನೂ ಬರೆಯುವ ಲೆವೆಲ್ ಅದು. ಅದರ ದಾಖಲೆಯಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಓದಿರಲಿಲ್ಲ.

ಮಧ್ಯಾಹ್ನ ಲಾಗ್ ಸರ್ವರ್ ನೋಡಿಕೊಳ್ಳುವ ಸಹೋದ್ಯೋಗಿ ನನ್ನ ಟೇಬಲ್ ಹತ್ತಿರ ಬಂದರು. "ಇದೇನ್ರೀ, ವಿಪಿಎನ್ ಲಾಗ್‌ನಲ್ಲಿ ಸೀಕ್ರೆಟ್ ಅಂತ ಬರ್ತಾ ಇದೆ?" ಅಂದರು. ಪರದೆ ನೋಡಿ ಕೈಕಾಲು ತಣ್ಣಗಾಯಿತು. ಕೀಯ ಬೈಟ್‌ಗಳು ಸಾಲಿಗೆ ಹದಿನಾರರಂತೆ ಹೆಕ್ಸ್‌ನಲ್ಲಿ (0-9, a-f ಅಂಕಿಗಳಲ್ಲಿ) ಇದ್ದವು. ಅದೇ ಸಾಲಿನ ಬಲ ತುದಿಯಲ್ಲಿ ಅವೇ ಬೈಟ್‌ಗಳು ಅಕ್ಷರವಾಗಿ. ನಾವು ಟೈಪ್ ಮಾಡಿದ್ದ ಪ್ರೀ-ಶೇರ್ಡ್ ಕೀಯನ್ನು (ಎರಡೂ ಕಡೆ ಮೊದಲೇ ಇಟ್ಟಿರುವ ಒಂದೇ ಗುಟ್ಟಿನ ಪಾಸ್‌ವರ್ಡ್) ಅಲ್ಲಿ ಹಾಗೇ ಓದಬಹುದಿತ್ತು.

ಇದರಲ್ಲಿ ಜಾಸ್ತಿ ಜನ ಗಮನಿಸದ ಸಂಗತಿ ಒಂದಿದೆ. ಕೆಟ್ಟಿದ್ದು ಒಂದು ಟನೆಲ್, ಲೆವೆಲ್ ಏರಿದ್ದು ಆರಕ್ಕೂ. ಕೆಟ್ಟ ಟನೆಲ್ ಮೊದಲ ಮೆಟ್ಟಿಲಲ್ಲೇ ನಿಂತಿದ್ದರಿಂದ ಅದರ ಸೆಷನ್ ಕೀಗಳು (ಟ್ರಾಫಿಕ್ ಎನ್‌ಕ್ರಿಪ್ಟ್ ಮಾಡುವ ತಾತ್ಕಾಲಿಕ ಕೀಗಳು) ಲಾಗ್‌ಗೆ ಬರುವ ಪ್ರಶ್ನೆಯೇ ಇರಲಿಲ್ಲ. ಸರಿಯಾಗಿ ನಡೆಯುತ್ತಿದ್ದ ಐದು ಟನೆಲ್‌ಗಳು ಆ ಮೂರು ಗಂಟೆಯಲ್ಲಿ ರೀಕೀ ಮಾಡಿಕೊಂಡವು, ಅಂದರೆ ಹಳೆಯ ಸೆಷನ್ ಕೀ ಬಿಟ್ಟು ಹೊಸದು ಮಾಡಿಕೊಂಡವು. ಆಗ ಹುಟ್ಟಿದ ಸೆಷನ್ ಕೀಗಳೆಲ್ಲ ಲಾಗ್‌ನಲ್ಲಿ ಬಿದ್ದವು. ಪ್ಯಾಕೆಟ್ ಕ್ಯಾಪ್ಚರ್ ತೆಗೆದದ್ದು ಹೊರಗಿನ ಇಂಟರ್‌ಫೇಸ್ ಮೇಲೆ. ಅದರಲ್ಲಿ ಅದೇ ಐದು ಬ್ರಾಂಚ್‌ಗಳ ಎನ್‌ಕ್ರಿಪ್ಟ್ ಆದ ಟ್ರಾಫಿಕ್. ಕ್ಯಾಪ್ಚರ್ ಒಂದೇ ಇದ್ದಿದ್ದರೆ ಅದರ ಒಳಗಿನದನ್ನು ಯಾರಿಗೂ ಓದಲು ಆಗುತ್ತಿರಲಿಲ್ಲ. ಕೀ ಜೊತೆಗಿದ್ದರೆ ಪ್ಯಾಕೆಟ್ ಓದುವ ಪ್ರೋಗ್ರಾಂ ವೈರ್‌ಶಾರ್ಕ್‌ನಲ್ಲೇ ಅದನ್ನು ಹಾಕುವ ಜಾಗ ಇದೆ, ಟ್ರಾಫಿಕ್ ಬಿಚ್ಚಿಕೊಳ್ಳುತ್ತದೆ. ನಾನು ಬೀಗ, ಬೀಗದ ಕೈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಟ್ಟಿದ್ದೆ.

ಸರ್ಟಿಫಿಕೇಟ್ ಬಳಸುವವರೂ ನಮಗೆ ಇದು ಅನ್ವಯಿಸಲ್ಲ ಅಂದುಕೊಳ್ಳಬೇಡಿ. ಪ್ರೀ-ಶೇರ್ಡ್ ಕೀ ಇಲ್ಲದಿದ್ದರೂ ಸೆಷನ್ ಕೀಗಳು ಇದೇ ರೀತಿ ಲಾಗ್‌ಗೆ ಬರುತ್ತವೆ.

ಗಾಬರಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ತಕ್ಷಣ ಪ್ರೀ-ಶೇರ್ಡ್ ಕೀ ಬದಲಿಸಿದೆ, ಲೆವೆಲ್ ಮಾತ್ರ 4ರಲ್ಲೇ ಬಿಟ್ಟಿದ್ದೆ. ಹೊಸ ಕೀಯೂ ಹೋಗಿ ಲಾಗ್‌ನಲ್ಲಿ ಕೂತಿತು. ನಿಮಗೆ ಇಂಥ ಪರಿಸ್ಥಿತಿ ಬಂದರೆ ಮೊದಲು ಲೆವೆಲ್ ಇಳಿಸಿ, ಇಳಿದಿದೆಯಾ ಅಂತ ಲಾಗ್ ನೋಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಕೀ ಬದಲಿಸಿ. ಆಮೇಲೆ ಎಲ್ಲ ಟನೆಲ್‌ಗಳನ್ನೂ ಒಮ್ಮೆ ಕೆಡವಿ ಮತ್ತೆ ಎಬ್ಬಿಸಿ. ಯಾಕೆಂದರೆ ಕೀ ಬದಲಿಸಿದ ಮಾತ್ರಕ್ಕೆ ನಡೆಯುತ್ತಿರುವ ಸೆಷನ್ ಬದಲಾಗುವುದಿಲ್ಲ, ಹಳೆಯ ಸೆಷನ್ ಕೀ ಮೇಲೇ ಓಡುತ್ತಿರುತ್ತದೆ. ಆರು ಬ್ರಾಂಚ್‌ಗೂ ಒಂದೇ ಕೀ ಇಟ್ಟಿದ್ದರಿಂದ ಆ ರಾತ್ರಿ ಆರೂ ಕಡೆ ಒಬ್ಬೊಬ್ಬರನ್ನು ಎಬ್ಬಿಸಿ ರೌಟರ್ ಮುಂದೆ ಕೂರಿಸಬೇಕಾಯಿತು. ಈಗ ಪ್ರತಿ ಬ್ರಾಂಚ್‌ಗೂ ಬೇರೆ ಬೇರೆ ಕೀ.

ಇನ್ನು ಅಸಲಿ ಸಮಸ್ಯೆ. ಲೆವೆಲ್ 2ಕ್ಕೆ ಇಳಿಸಿದ ಮೇಲೆ ಅದು ಹತ್ತು ನಿಮಿಷದಲ್ಲಿ ಸಿಕ್ಕಿತು. ಲಾಗ್‌ನಲ್ಲಿ ಒಂದರ ಕೆಳಗೆ ಒಂದು ಎರಡು ಸಾಲು: ರಿಸೀವ್ಡ್ ಪ್ರಪೋಸಲ್ಸ್ (ಅವರು ಕೇಳಿದ್ದು), ಕಾನ್ಫಿಗರ್ಡ್ ಪ್ರಪೋಸಲ್ಸ್ (ನಾವು ಇಟ್ಟಿದ್ದು). ಎನ್‌ಕ್ರಿಪ್ಷನ್ ಎಇಎಸ್ 256, ಹ್ಯಾಶ್ ಶಾ 256 ಎರಡರಲ್ಲೂ ಒಂದೇ. ಕೊನೆಯಲ್ಲಿರುವ ಡಿಫಿ-ಹೆಲ್ಮನ್ ಗ್ರೂಪ್ ಮಾತ್ರ ಅವರದು ಮೋಡ್‌ಪಿ 2048 (ಗ್ರೂಪ್ 14), ನಮ್ಮದು ಮೋಡ್‌ಪಿ 1024 (ಗ್ರೂಪ್ 2). ಅಪ್‌ಡೇಟ್ ಆದ ರೌಟರ್ ಹಳೆಯ, ದುರ್ಬಲವಾದ ಗ್ರೂಪ್ 2 ಕೈಬಿಟ್ಟು ಗ್ರೂಪ್ 14 ಮಾತ್ರ ಕೇಳುತ್ತಿತ್ತು. ಅದು ಮಾಡಿದ್ದೇ ಸರಿ. ನಮ್ಮ ಕಡೆ ಒಂದು ಸಾಲು ತಿದ್ದಿದೆ, ಟನೆಲ್ ಎದ್ದಿತು.

ಕಾರಣ ಸಿಕ್ಕಿದ್ದು ಬ್ರಾಂಚ್ ರೌಟರ್‌ನಲ್ಲಿ ಅಲ್ಲ, ನಮ್ಮ ಲಾಗ್‌ನಲ್ಲಿ. ಯಾರು ಮಾತುಕತೆ ಶುರು ಮಾಡುತ್ತಾರೋ ಅವರಿಗೆ ಬರೀ 'ಒಪ್ಪಿಗೆ ಇಲ್ಲ' ಅನ್ನುವ ಉತ್ತರ ಸಿಗುತ್ತದೆ. ಯಾಕೆ ಇಲ್ಲ ಅನ್ನುವುದು ಉತ್ತರ ಕೊಟ್ಟವರ ಲಾಗ್‌ನಲ್ಲಿ ಇರುತ್ತದೆ. ಹಾಗಾಗಿ ಎರಡೂ ಕಡೆಯ ಲಾಗ್ ಪಕ್ಕಪಕ್ಕ ಇಟ್ಟು ನೋಡಿ. ಗಡಿಯಾರ ನಂಬಿಕೊಂಡು ಸಾಲು ಹೊಂದಿಸಬೇಡಿ, ನಮ್ಮ ಎರಡು ಕಡೆಗೂ ಮೂರು ನಿಮಿಷ ವ್ಯತ್ಯಾಸ ಇತ್ತು. ಟನೆಲ್ ಎಬ್ಬಿಸಲು ನಡೆಯುವ ಈ ಮಾತುಕತೆಯ ಹೆಸರು ಐಕೆಇ. ಪ್ರತಿ ಐಕೆಇ ಮಾತುಕತೆಗೂ ಶುರು ಮಾಡಿದವರು 8 ಬೈಟ್‌ನ ಎಸ್‌ಪಿಐ (ಗುರುತಿನ ಸಂಖ್ಯೆ) ಕೊಡುತ್ತಾರೆ, ಹೆಕ್ಸ್‌ನಲ್ಲಿ 16 ಅಂಕಿ. ಅದನ್ನು ಕಾಪಿ ಮಾಡಿ ಎರಡೂ ಲಾಗ್‌ನಲ್ಲಿ ಹುಡುಕಿದರೆ ಅದೇ ಪ್ರಯತ್ನದ ಸಾಲುಗಳು ಸಿಗುತ್ತವೆ.

ಟ್ರೇಸ್ (ವಿವರವಾದ ಲಾಗ್) ಇಡೀ ರಾತ್ರಿ ಓಡಲು ಬಿಡುವ ಆಸೆ ಯಾವಾಗ ಬರುತ್ತದೆ ಅಂದರೆ, ಟನೆಲ್ ಏಳುತ್ತದೆ, ಕೆಲವು ಗಂಟೆ ಬಿಟ್ಟು ಬೀಳುತ್ತದೆ, ಆಗ. ಐಕೆಇಯ 2ನೇ ಆವೃತ್ತಿಯಲ್ಲಿ ಇದಕ್ಕೊಂದು ಸಾಮಾನ್ಯ ಕಾರಣ ಇದೆ. ಮೊದಲ ಚೈಲ್ಡ್ ಎಸ್‌ಎ (ಡೇಟಾ ಸಾಗಿಸುವ ಸೆಷನ್) ಐಕೆಇಯ ಕೀಯಿಂದಲೇ ಹುಟ್ಟುತ್ತದೆ. ಅದಕ್ಕೆ ಇಟ್ಟ ಪಿಎಫ್‌ಎಸ್ ಗ್ರೂಪ್ (ರೀಕೀ ಹೊತ್ತಿಗೆ ಬಳಸುವ ಡಿಫಿ-ಹೆಲ್ಮನ್ ಗ್ರೂಪ್) ಎರಡು ಕಡೆ ಬೇರೆ ಬೇರೆ ಇದ್ದರೂ ಆಗ ಗೊತ್ತಾಗುವುದಿಲ್ಲ. ರೀಕೀ ಹೊತ್ತಿಗೆ ಜಗಳ ಶುರು. ಅದಕ್ಕಾಗಿ ರಾತ್ರಿಯೆಲ್ಲ ಕಾಯಬೇಕಿಲ್ಲ. ರೀಕೀಯನ್ನು ಕೈಯಾರೆ ಮಾಡಿಸಿ ನೋಡಿ, ಲೆವೆಲ್ 2ರಲ್ಲೇ ಕಾಣುತ್ತದೆ.

ವಿಂಡೋಸ್‌ನಲ್ಲಿ ನೆಟ್‌ಶ್ ಅನ್ನುವ ಕಮಾಂಡ್‌ನಿಂದ ಟ್ರೇಸ್ ತೆಗೆಯುವವರಿಗೂ ಒಂದು ಮಾತು. ಬರುವ ಇಟಿಎಲ್ ಫೈಲ್ ಬೈನರಿ, ತೆರೆದು ಕಣ್ಣಾಡಿಸಲು ಆಗಲ್ಲ. ಕ್ಯಾಪ್ಚರ್ ಆನ್ ಮಾಡಿದ್ದರೆ ಪ್ಯಾಕೆಟ್‌ಗಳೂ ಅದರೊಳಗೇ ಇರುತ್ತವೆ. ಟೆಕ್ಸ್ಟ್‌ಗೆ ಬದಲಿಸಿ ಓದದೆ ಯಾರಿಗೂ ಕೊಡಬೇಡಿ.

ಈಗ ನಾನು ಕಳಿಸುವುದು ಒಂದೇ ಪ್ರಯತ್ನದ ಲಾಗ್, ಹೆಚ್ಚೆಂದರೆ ಐವತ್ತು ಸಾಲು, ಲೆವೆಲ್ 2. ಐಪಿ ವಿಳಾಸ, ಯೂಸರ್ ಹೆಸರು, ಒಳಗಿನ ಸಬ್‌ನೆಟ್ ಎಲ್ಲಾ ಬದಲಿಸುತ್ತೇನೆ. ಒಂದು ವಿಳಾಸಕ್ಕೆ ಎಲ್ಲ ಕಡೆ ಒಂದೇ ಬದಲಿ ಹೆಸರು, ಇಲ್ಲದಿದ್ದರೆ ಓದುವವರಿಗೆ ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ಕೊನೆಗೆ ಸೀಕ್ರೆಟ್, ಕೀ ಅನ್ನುವ ಪದಗಳನ್ನು ಹುಡುಕುತ್ತೇನೆ. ಹೆಕ್ಸ್ ಸಾಲುಗಳು ಕಂಡರೆ ಆ ಫೈಲ್ ಹೊರಗೆ ಹೋಗಲ್ಲ.

ಸಪೋರ್ಟ್ ತಂಡ ಫೈಲ್ ಅಳಿಸಿದ್ದೇವೆ ಅಂತ ಬರೆಯಿತು. ಅದನ್ನು ಪರೀಕ್ಷಿಸಲು ನನ್ನ ಹತ್ತಿರ ದಾರಿಯಿಲ್ಲ. ನಮ್ಮಲ್ಲೇ ಅದರ ಕಾಪಿಗಳು ನನ್ನ ಸೆಂಟ್ ಬಾಕ್ಸ್‌ನಲ್ಲಿ, ಮೇಲ್ ಸರ್ವರ್‌ನ ಬ್ಯಾಕಪ್‌ನಲ್ಲಿ, ಲಾಗ್ ಸರ್ವರ್‌ನಲ್ಲಿ, ರೊಟೇಟ್ ಆಗಿ ಕಂಪ್ರೆಸ್ ಆದ ಹಳೆಯ ಫೈಲ್‌ಗಳಲ್ಲಿ ಇದ್ದವು. ಅಷ್ಟನ್ನೂ ಹುಡುಕಿ ತೆಗೆಯಲು ಒಂದು ವಾರ ಹಿಡಿಯಿತು.