ಹಳೆಯ ಡಾಸ್ ಯಂತ್ರದಿಂದ ಕಡತ ಸಾಗಿಸಲು ಯಾವುದು ಸೈ?

ಕರಾವಳಿಯ ಮಳೆಗಾಲ ಕಂಡ ಫ್ಲಾಪಿಗಳಿಗೆ ಬೂಷ್ಟು ಹಿಡಿಯುತ್ತದೆ. ಅಂಥ ಫ್ಲಾಪಿಯನ್ನು ತುರುಕಿದರೆ ಡ್ರೈವಿನ ಹೆಡ್ಡೂ ಕೊಳೆಯಾಗುತ್ತದೆ. ಹಾಗಾಗಿ ಉಡುಪಿಯ ರಥಬೀದಿ ಬಳಿಯ ಡಿಟಿಪಿ ಅಂಗಡಿಯೊಂದರ, ಡಾಸ್ (ಆಜ್ಞೆ ಟೈಪಿಸಿ ನಡೆಸುವ ಹಳೆಯ ಕಾರ್ಯಾಚರಣೆ ವ್ಯವಸ್ಥೆ) ಓಡುವ 386 ಯಂತ್ರದಿಂದ ಯಕ್ಷಗಾನ ಪ್ರಸಂಗಗಳ ಕಡತಗಳನ್ನು ತೆಗೆಯಲು ಕೇಬಲ್ಲನ್ನೇ ನೆಚ್ಚಿದೆ. ಕಡತ ಪಡೆಯಲು ಎದುರಿಗಿದ್ದದ್ದು ಡಾಸ್ 6.22ರ ಪೆಂಟಿಯಂ ಯಂತ್ರ.

ನನ್ನ ಮತ ಇಂಟರ್‌ಲಿಂಕ್‌ಗೆ, ಅಂದರೆ ಕೇಬಲ್ ಮೂಲಕ ಒಂದು ಯಂತ್ರದ ಡ್ರೈವನ್ನು ಇನ್ನೊಂದರಲ್ಲಿ ತೋರಿಸುವ ತಂತ್ರಾಂಶಕ್ಕೆ. 1993ರ ಡಾಸ್ 6ರಿಂದ ಅದು ಡಾಸ್ ಜೊತೆಗೇ ಬರುತ್ತಿತ್ತು. ಪೆಂಟಿಯಂ ಶುರುವಾಗುವಾಗ ಓದುವ ಕಾನ್ಫಿಗ್ ಕಡತದಲ್ಲಿ ಒಂದು ಸಾಲು ಸೇರಿಸಿ, 386ರಲ್ಲಿ ಇದರ ಜೋಡಿ ತಂತ್ರಾಂಶ ಇಂಟರ್‌ಸರ್ವರ್ ಓಡಿಸಿದರೆ 386ರ ಸಿ ಡ್ರೈವು ಪೆಂಟಿಯಂನಲ್ಲಿ ಹೊಸ ಅಕ್ಷರ ಹೊತ್ತು ಕಾಣಿಸಿಕೊಳ್ಳುತ್ತದೆ. ಮುಂದಿನದು ಡಾಸ್‌ನ ನಕಲು ಆಜ್ಞೆ ಎಕ್ಸ್‌ಕಾಪಿಯ ಕೆಲಸ. ಒಳಗಿನ ಡೈರೆಕ್ಟರಿಗಳೂ ಸಾಲಾಗಿ ಬರುತ್ತವೆ. ಆ ಹೊತ್ತಿಗೆ 386 ಬೇರೆ ಕೆಲಸಕ್ಕೆ ಒದಗದು, ಒದಗಬೇಕಾಗಿಯೂ ಇಲ್ಲ. 386ರ ಫ್ಲಾಪಿ ಡ್ರೈವು ಸತ್ತಿದ್ದರೂ ಚಿಂತೆಯಿಲ್ಲ: ಪೆಂಟಿಯಂನಲ್ಲಿ ಇಂಟರ್‌ಸರ್ವರ್‌ಗೆ ಆರ್‌ಕಾಪಿ ಆಯ್ಕೆ ಕೊಟ್ಟರೆ ತಂತ್ರಾಂಶವೇ, ಒಂದೊಂದೇ ಬಿಟ್ ಒಯ್ಯುವ ಸೀರಿಯಲ್ ಕೇಬಲ್ಲಿನಲ್ಲಿ ದಾಟಿ ಹೋಗುತ್ತದೆ. 386ರಲ್ಲಿ ಪೋರ್ಟನ್ನು ಹೊಂದಿಸುವ ಮೋಡ್ ಆಜ್ಞೆ ಇರಬೇಕು, ಕೇಬಲ್ಲಿಗೆ ಏಳು ತಂತಿ ಬೇಕು. ಮೂರು ತಂತಿಯ ಅಗ್ಗದ ನಲ್ ಮೋಡೆಮ್ (ಎರಡು ಯಂತ್ರಗಳನ್ನು ನೇರ ಜೋಡಿಸುವ) ಕೇಬಲ್ ಇಲ್ಲಿ ನಡೆಯದು. ಸೀರಿಯಲ್‌ನ ವೇಗ ಸೆಕೆಂಡಿಗೆ 1,15,200 ಬಿಟ್, ಅಂದರೆ ಸುಮಾರು 11 ಕಿಲೋಬೈಟ್. 40 ಮೆಗಾಬೈಟ್ ಡಿಸ್ಕಿಗೆ ಒಂದು ಗಂಟೆ. ಆದ್ದರಿಂದ ತಂತ್ರಾಂಶ ದಾಟಿದ ಮೇಲೆ, ಒಮ್ಮೆಗೆ ನಾಲ್ಕು ಬಿಟ್ ಒಯ್ಯುವ ಪ್ಯಾರಲಲ್ ಕೇಬಲ್ಲಿಗೆ ಬದಲಾಯಿಸಿಕೊಳ್ಳಿ. ಪ್ರಿಂಟರಿನ ಕೇಬಲ್ ಬೇರೆ, ಇದು ಬೇರೆ.

ಕಡತ ಸಾಗಿಸುವ ಇನ್ನೊಂದು ತಂತ್ರಾಂಶ ಲ್ಯಾಪ್‌ಲಿಂಕ್ ಇನ್ನೂ ಸೊಗಸು. ಪರದೆಯ ಎಡಕ್ಕೆ ಒಂದು ಯಂತ್ರ, ಬಲಕ್ಕೆ ಇನ್ನೊಂದು. ಬೇಕಾದ ಕಡತಗಳಿಗೆ ಗುರುತು ಹಾಕಿ ಕಳುಹಿಸಿದರಾಯಿತು. ದಿನವೂ ಎರಡು ಯಂತ್ರಗಳ ನಡುವೆ ಓಡಾಡುವವರಿಗೆ ಅದೇ ಸರಿ. ಒಮ್ಮೆ ಬಳಸಿ ಬಿಡುವ ಕೆಲಸಕ್ಕಾಗಿ ಅದನ್ನು ಹುಡುಕಿ ತರುವುದು ನನಗೆ ದಂಡವೆನಿಸಿತು.

ಮೋಡೆಮ್ ತಂತ್ರಾಂಶ ಟೆಲಿಕ್ಸ್‌ನ ಝಡ್‌ಮೋಡೆಮ್ ಎಂಬ ಕಡತ ಸಾಗಿಸುವ ವಿಧಾನ ಒಂದು ವಿಷಯದಲ್ಲಿ ಗೆಲ್ಲುತ್ತದೆ: ಕರೆಂಟು ಹೋಗಿ ಬಂದರೆ ಅರ್ಧಕ್ಕೆ ನಿಂತ ಕಡತವನ್ನು ಅಲ್ಲಿಂದಲೇ ಮುಂದುವರಿಸುತ್ತದೆ. ಆಷಾಢದ ಉಡುಪಿಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಡೈರೆಕ್ಟರಿಗಳ ಮರವನ್ನು ಅದು ಹೊರದು. ಮೊದಲು ಕಡತಗಳನ್ನು ಕುಗ್ಗಿಸಿ ಒಂದಾಗಿಸುವ ಪಿಕೆಜಿಪ್‌ನಲ್ಲಿ ಗಂಟು ಕಟ್ಟಬೇಕು. ತುಂಬಿ ತುಳುಕುವ ಡಿಸ್ಕಿನಲ್ಲಿ ಆ ಗಂಟಿಗೆ ಜಾಗವೆಲ್ಲಿ?

1981ರ ಕೊಲಂಬಿಯಾ ವಿಶ್ವವಿದ್ಯಾಲಯದ ಕರ್ಮಿಟ್ ಎಂಬ ಸಾಗಣೆ ವಿಧಾನ ಎಂಥ ಕೆಟ್ಟ ತಂತಿಯಲ್ಲೂ ದಾಟಿಸುತ್ತದೆ. ಆದರೆ ಪ್ಯಾಕೆಟ್ (ಒಮ್ಮೆಗೆ ಕಳುಹಿಸುವ ತುಣುಕು) ಗಾತ್ರ ಹಿಗ್ಗಿಸದಿದ್ದರೆ ಆಮೆ. ವಿಂಡೋಸ್ 95ರ ನೇರ ಕೇಬಲ್ ಸಂಪರ್ಕಕ್ಕೆ ಎರಡೂ ಕಡೆ ವಿಂಡೋಸ್ ಬೇಕು, ಆ ಬಡ 386ರ ಮೇಲೆ ಅದನ್ನು ಹೇರಲು ನನಗೆ ಮನಸ್ಸಾಗಲಿಲ್ಲ.