ಮ್ಯೂಸಿಕ್‌ಬೀ, ಎಂಟು ವರ್ಷದ ನಂತರ: ಹಾಡು ಸಾಗಿಸುವುದು ಸುಲಭ, ನಕ್ಷತ್ರ ಸಾಗಿಸುವುದೇ ಕಷ್ಟ

ನನ್ನ ಹತ್ತಿರ ಸುಮಾರು 110 ಜಿಬಿ ಹಾಡು ಇದೆ. ಹಾಡು ಅಂತ ಹೆಸರಿಗೆ ಮಾತ್ರ, ಅರ್ಧಕ್ಕಿಂತ ಜಾಸ್ತಿ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ನಮ್ಮ ಮಾವ 80ರ ದಶಕದಲ್ಲಿ ಟೇಪ್ ರೆಕಾರ್ಡರ್ ಹಿಡಿದುಕೊಂಡು ಊರೂರು ತಿರುಗಿ, ವೇದಿಕೆಯ ಬುಡದಲ್ಲೇ ಕೂತು ರೆಕಾರ್ಡ್ ಮಾಡಿಕೊಂಡ 140 ಕ್ಯಾಸೆಟ್. ಹೆಚ್ಚಿನವು ಸಿ-90, ಅಂದರೆ ಒಂದು ಬದಿಗೆ 45 ನಿಮಿಷ. ಅರ್ಥ (ಪಾತ್ರಧಾರಿಗಳ ಮಾತಿಗೆ ಹಾಗೆನ್ನುತ್ತಾರೆ) ಒಳ್ಳೆ ರಂಗೇರುವ ಹೊತ್ತಿಗೇ ಟಕ್ ಅಂತ ಬದಿ ಮುಗಿಯುತ್ತದೆ, ಮಾವ ತಿರುಗಿಸಿ ಹಾಕುವಷ್ಟರಲ್ಲಿ ಎದುರು ಕೂತವರ ನಾಲ್ಕು ಮಾತು ಹೋಗಿರುತ್ತದೆ. ಇದನ್ನೆಲ್ಲ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಪ್ರೋಗ್ರಾಮಿನಲ್ಲಿ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದ್ದು ನಾನು. ಕ್ಯಾಸೆಟ್ ಎಷ್ಟು ಹೊತ್ತು ಓಡುತ್ತದೋ ಅಷ್ಟೇ ಹೊತ್ತು ಬೇಕು, ಅಡ್ಡದಾರಿ ಇಲ್ಲ. 200 ಗಂಟೆಯ ಮೇಲಾಯಿತು. ಸ್ಪಾಟಿಫೈ ಇರುವಾಗ ಇದೆಲ್ಲ ಯಾಕಪ್ಪಾ ಅನ್ನುವವರಿಗೆ ಈ ಬರಹ ಉಪಯೋಗಕ್ಕೆ ಬರಲಿಕ್ಕಿಲ್ಲ. ಮಾವನ ಕ್ಯಾಸೆಟ್ ಅಲ್ಲಿ ಸಿಗುವುದಿಲ್ಲ, ಅಷ್ಟೇ.

ಮ್ಯೂಸಿಕ್‌ಬೀ (ವಿಂಡೋಸಿನಲ್ಲಿ ಹಾಡು ಜೋಡಿಸಿಟ್ಟು ಕೇಳುವ ಉಚಿತ ಪ್ಲೇಯರ್) ಬಗ್ಗೆ ಹೇಳುವ ಮೊದಲು 2017ರಲ್ಲಿ ಆದ ಎಡವಟ್ಟು ಹೇಳಬೇಕು, ಇಲ್ಲದಿದ್ದರೆ ನಾನು ಯಾಕೆ ಇದಕ್ಕೆ ಅಂಟಿಕೊಂಡೆ ಅಂತ ಅರ್ಥ ಆಗುವುದಿಲ್ಲ. ಆಗ ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಕೈಕೊಟ್ಟಿತು. ಹೊಸದೊಂದು ಅಸೆಂಬಲ್ ಮಾಡಿಸಿದೆ. ಅಂಗಡಿಯ ಹುಡುಗ "ಸರ್, ಎಲ್ಲ ಕಾಪಿ ಆಗಿದೆ" ಅಂದ. ಸುಳ್ಳೇನಲ್ಲ, ಫೈಲುಗಳೆಲ್ಲ ಬಂದಿದ್ದವು. ಆದರೆ ಹಳೆಯದರಲ್ಲಿ ಇ ಡ್ರೈವಿನಲ್ಲಿದ್ದದ್ದು ಇಲ್ಲಿ ಡಿ ಡ್ರೈವಿಗೆ ಬಂದಿತ್ತು. ಆಗ ನಾನು ಬಳಸುತ್ತಿದ್ದ ಪ್ಲೇಯರಿಗೆ (ಹೆಸರು ಬೇಡ) ಒಂದೇ ಒಂದು ಹಾಡೂ ಸಿಗಲಿಲ್ಲ. ಅದು ಪ್ರತಿ ಹಾಡಿನ ವಿಳಾಸವನ್ನು ಡ್ರೈವಿನ ಅಕ್ಷರದ ಸಮೇತ ಬರೆದಿಟ್ಟುಕೊಂಡಿತ್ತು. ನನಗೆ ಅದು ಗೊತ್ತಿರಲಿಲ್ಲ, ಹಾಗಾಗಿ ಸುಮ್ನೆ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಕ್ಯಾನ್ ಕೊಟ್ಟೆ. ಹಾಡು ಬಂತು. ಯಾವ ಹಾಡು ಎಷ್ಟು ಇಷ್ಟ ಅಂತ ಆರು ವರ್ಷ ಕೂತು ಕೊಟ್ಟಿದ್ದ ನಕ್ಷತ್ರಗಳು ಹೋದವು, ಎಷ್ಟು ಸಲ ಕೇಳಿದ್ದೇನೆ ಅನ್ನುವ ಲೆಕ್ಕ ಹೋಯಿತು, ಪ್ಲೇಲಿಸ್ಟ್ ಹೋಯಿತು. ಎಲ್ಲ ಹಾಡೂ "ಇವತ್ತು ಸೇರಿಸಿದ್ದು" ಅಂತ ತೋರಿಸತೊಡಗಿತು. ಮದುವೆ ಮನೆಯಲ್ಲಿ ಎಲ್ಲರ ಚಪ್ಪಲಿಯನ್ನೂ ಒಂದೇ ಗೋಣಿಗೆ ತುಂಬಿ ಸುರಿದ ಹಾಗೆ.

ಆಗ ನನಗೆ ಮೊದಲ ಸಲ ತಲೆಗೆ ಹೋದದ್ದು ಇದು. ಹಾಡು ಬೇರೆ, ಹಾಡಿನ ಮೇಲೆ ನಾವು ಮಾಡಿದ ಕೆಲಸ ಬೇರೆ. ಹಾಡು ಫೈಲಿನಲ್ಲಿರುತ್ತದೆ, ಎಲ್ಲಿಗೆ ಬೇಕಾದರೂ ಹೋಗುತ್ತದೆ. ನಮ್ಮ ಕೆಲಸ ಎಲ್ಲಿರುತ್ತದೆ ಅನ್ನುವುದನ್ನು ಪ್ಲೇಯರ್ ತೀರ್ಮಾನಿಸುತ್ತದೆ.

ಮ್ಯೂಸಿಕ್‌ಬೀಯಲ್ಲಿ ನನಗೆ ಮೊದಲು ಹಿಡಿಸಿದ್ದೂ ಇದೇ. ನಕ್ಷತ್ರ ಕೊಟ್ಟರೆ ಅದನ್ನು ಫೈಲಿನ ಟ್ಯಾಗ್ ಒಳಗೇ, ಅಂದರೆ ಹಾಡಿನ ವಿವರ ಇರುವ ಜಾಗದಲ್ಲೇ ಬರೆಯುತ್ತದೆ. ಎಂಪಿ3 ಟ್ಯಾಗಿನಲ್ಲಿ ಇದಕ್ಕೆಂದೇ ಒಂದು ಜಾಗ ಇದೆ, 0ಯಿಂದ 255ರ ತನಕ ಒಂದು ಅಂಕಿ ಕೂರುತ್ತದೆ. 255 ಅಂದರೆ ಐದು ನಕ್ಷತ್ರ. ನಡುವಿನ ಅಂಕಿಗಳನ್ನು ಒಂದೊಂದು ಪ್ಲೇಯರ್ ಒಂದೊಂದು ರೀತಿ ಓದುವುದೂ ಉಂಟು, ಹಾಗಾಗಿ ಮೂರೂವರೆ ಕೊಟ್ಟದ್ದು ಬೇರೆ ಕಡೆ ನಾಲ್ಕು ಅಂತ ಕಂಡರೆ ಗಾಬರಿ ಬೇಡ. ಮುಖ್ಯ ಏನೆಂದರೆ ಫೈಲ್ ಎಲ್ಲಿ ಹೋದರೂ ನಕ್ಷತ್ರ ಅದರ ಬೆನ್ನಿಗೇ ಇರುತ್ತದೆ.

ಎರಡನೆಯದು, ನಮಗೆ ಬೇಕಾದ ಹೆಸರಿನ ಟ್ಯಾಗನ್ನು ನಾವೇ ಮಾಡಿಕೊಳ್ಳಬಹುದು. ಇದು ನನ್ನಂಥವನಿಗೆ ದೊಡ್ಡ ಉಪಕಾರ. ಹಾಡಿಗಾದರೆ ಆರ್ಟಿಸ್ಟ್, ಆಲ್ಬಂ, ಕಂಪೋಸರ್ ಸಾಕು. ತಾಳಮದ್ದಳೆಗೆ ಆರ್ಟಿಸ್ಟ್ ಯಾರು ಹೇಳಿ? ಪದ ಹಾಡುವ ಭಾಗವತರೋ, ಕರ್ಣನ ಅರ್ಥ ಹೇಳಿದವರೋ, ಶಲ್ಯನದ್ದು ಹೇಳಿದವರೋ? ನಾನು ಭಾಗವತರು, ಮದ್ದಳೆ, ಚೆಂಡೆ, ಅರ್ಥಧಾರಿಗಳು, ಸ್ಥಳ, ಕ್ಯಾಸೆಟ್ ನಂಬರ್ ಅಂತ ಆರು ಟ್ಯಾಗ್ ಮಾಡಿಕೊಂಡಿದ್ದೇನೆ. ಅರ್ಥಧಾರಿಗಳನ್ನು ಸೆಮಿಕೋಲನ್ ಹಾಕಿ ಒಬ್ಬೊಬ್ಬರಾಗಿ ಬರೆದಿದ್ದೇನೆ. ಈಗ ಅರ್ಥಧಾರಿ ಶೇಣಿಯವರು ಕೂತ ಕೂಟಗಳನ್ನು ಮಾತ್ರ ತೋರಿಸು ಅಂದರೆ ತೋರಿಸುತ್ತದೆ, ಅದರಲ್ಲೂ ಸಾಮಗರು ಎದುರು ಕೂತದ್ದನ್ನು ಮಾತ್ರ ಆರಿಸು ಅಂದರೆ ಅದೂ ಆಗುತ್ತದೆ. ಮಾವನಿಗೆ ಇದನ್ನು ಮಾಡಿ ತೋರಿಸಿದ ದಿನ ಅವರು ಅರ್ಧ ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ.

ಇನ್ನು ಸಾಗಿಸುವ ವಿಷಯ. ಈ ಎಂಟು ವರ್ಷದಲ್ಲಿ ಎರಡು ಸಲ ಮಾಡಿದ್ದೇನೆ. 2021ರಲ್ಲಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದಾಗ ಒಮ್ಮೆ. ಆಗ ನನ್ನದು ಇನ್‌ಸ್ಟಾಲ್ ಮಾಡುವ ಆವೃತ್ತಿ. ಅದರಲ್ಲಿ ಲೈಬ್ರರಿ ಫೈಲ್ ಮ್ಯೂಸಿಕ್ ಫೋಲ್ಡರಿನಲ್ಲಿ ಇರುತ್ತದೆ, ಸೆಟ್ಟಿಂಗ್ಸ್ ಮಾತ್ರ ಆಪ್‌ಡೇಟಾ ಅನ್ನುವ ಅಡಗಿಸಿಟ್ಟ ಫೋಲ್ಡರಿನಲ್ಲಿ. ನಾನು ಮೊದಲನೆಯದನ್ನು ತೆಗೆದುಕೊಂಡೆ, ಎರಡನೆಯದನ್ನು ಮರೆತೆ. ತೆರೆದು ನೋಡಿದರೆ ಹಾಡು, ನಕ್ಷತ್ರ, ಲೆಕ್ಕ ಎಲ್ಲ ಇದೆ, ನನ್ನ ಆರು ಟ್ಯಾಗ್ ಕಾಣಿಸುತ್ತಿಲ್ಲ! ಎದೆ ಧಸಕ್ಕೆಂದಿತು. ಆಮೇಲೆ ಗೊತ್ತಾಯಿತು, ಬರೆದದ್ದೆಲ್ಲ ಫೈಲಿನೊಳಗೆ ಸುರಕ್ಷಿತವಾಗಿದೆ, ಆ ಟ್ಯಾಗುಗಳ ಹೆಸರಿನ ಪಟ್ಟಿ ಮಾತ್ರ ಸೆಟ್ಟಿಂಗ್ಸ್ ಜೊತೆ ಹಿಂದೆ ಉಳಿದಿದೆ. ಅದೇ ಹೆಸರಿನಲ್ಲಿ ಮತ್ತೆ ಮಾಡಿದಾಗ ಒಂದೊಂದಾಗಿ ವಾಪಸ್ ಬಂತು. ತಪ್ಪು ನನ್ನದೇ. ಆದರೆ ಅವತ್ತೇ ಪೋರ್ಟಬಲ್ ಆವೃತ್ತಿಗೆ ಬದಲಾದೆ. ಅದರಲ್ಲಿ ಪ್ರೋಗ್ರಾಂ, ಲೈಬ್ರರಿ, ಸೆಟ್ಟಿಂಗ್ಸ್, ಪ್ಲೇಲಿಸ್ಟ್ ಎಲ್ಲವೂ ಒಂದೇ ಫೋಲ್ಡರಿನಲ್ಲಿ. ಹೊಸಬರಿಗೆ ನಾನು ಹೇಳುವುದು ಇದೊಂದೇ, ಶುರುವಿನಿಂದಲೇ ಪೋರ್ಟಬಲ್ ತೆಗೆದುಕೊಳ್ಳಿ.

ಎರಡನೇ ಸಲ 2025ರ ನವೆಂಬರಿನಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ. ನನ್ನ ಡೆಸ್ಕ್‌ಟಾಪಿನಲ್ಲಿದ್ದದ್ದು ಇಂಟೆಲ್ 7ನೇ ತಲೆಮಾರಿನ ಪ್ರೊಸೆಸರ್, ವಿಂಡೋಸ್ 11 ಕೇಳುವುದು 8ನೆಯದರಿಂದ ಮೇಲೆ. ಒಂದು ಮೆಟ್ಟಿಲು ಕೆಳಗೆ ನಿಂತುಬಿಟ್ಟೆ. ಮಷೀನ್ ಗಟ್ಟಿಮುಟ್ಟಾಗಿಯೇ ಇತ್ತು, ಬೇಜಾರಾಯಿತು, ಆದರೂ ಲ್ಯಾಪ್‌ಟಾಪ್ ತಂದೆ.

ಹೊಸ ಲ್ಯಾಪ್‌ಟಾಪಿನಲ್ಲಿ ಬರೀ ಸಿ ಡ್ರೈವ್ ಇರುತ್ತದೆ. 2017ರ ಪಾಠ ನೆನಪಿತ್ತು. ಮೊದಲು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವನ್ನು ಶ್ರಿಂಕ್ ಮಾಡಿ, ಉಳಿದ ಜಾಗಕ್ಕೆ ಡಿ ಅಂತ ಅಕ್ಷರ ಕೊಟ್ಟೆ. ಹಳೆಯದರಲ್ಲಿ ಹಾಡು ಎಲ್ಲಿತ್ತೋ ಅದೇ ಅಕ್ಷರ, ಅದೇ ಫೋಲ್ಡರ್ ಹೆಸರು. ಮ್ಯೂಸಿಕ್‌ಬೀ ಫೋಲ್ಡರ್ ಕೂಡ ಅದೇ ಜಾಗಕ್ಕೆ. ಪ್ಲೇಯರಿಗೆ ಮನೆ ಬದಲಾಯಿತು ಅಂತ ಗೊತ್ತೇ ಆಗಬಾರದು. ಅಕ್ಷರ ಬದಲಾದರೂ ಪೂರ್ತಿ ಕೆಡುವುದಿಲ್ಲ, ಕಾಣೆಯಾದ ಫೈಲ್ ಹುಡುಕಿ ವಿಳಾಸ ತಿದ್ದುವ ಒಂದು ಸಲಕರಣೆ ಮ್ಯೂಸಿಕ್‌ಬೀಯಲ್ಲೇ ಇದೆ. ಆದರೆ ಅಷ್ಟು ದೂರ ಹೋಗುವುದು ಯಾಕೆ?

ಕಾಪಿ ಮಾಡಲು ಎಕ್ಸ್‌ಟರ್ನಲ್ ಡಿಸ್ಕನ್ನು ಡೆಸ್ಕ್‌ಟಾಪಿನ ಮುಂದಿನ ಪೋರ್ಟಿಗೆ ಸಿಕ್ಕಿಸಿದೆ. ಒಂದು ಗಂಟೆಗಿಂತ ಜಾಸ್ತಿ ತೋರಿಸಿತು. ಅದು ಯುಎಸ್‌ಬಿ 2, ಸೆಕೆಂಡಿಗೆ 30 ಎಂಬಿ ಆಸುಪಾಸು ಹೋದರೆ ಹೆಚ್ಚು. ಹಿಂದೆ ಬಗ್ಗಿ, ಜೇಡರ ಬಲೆ ತೆಗೆದು, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಹಾಕಿದ ಮೇಲೆ ಅರ್ಧ ಗಂಟೆಯೊಳಗೆ ಮುಗಿಯಿತು.

ನಾನು ಎಳೆದು ಹಾಕುವ ಕಾಪಿ ಬಳಸುವುದಿಲ್ಲ, ವಿಂಡೋಸ್ ಜೊತೆಗೇ ಬರುವ ರೋಬೋಕಾಪಿ ಬಳಸುತ್ತೇನೆ. ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಬೇಕು ಅನ್ನುವುದೊಂದೇ ಕಿರಿಕಿರಿ. ನಡುವೆ ಕರೆಂಟ್ ಹೋದರೆ (ನಮ್ಮೂರಲ್ಲಿ ಮಳೆ ಇಲ್ಲದಿದ್ದರೂ ಹೋಗುತ್ತದೆ) ಮತ್ತೆ ಅದೇ ಆಜ್ಞೆ ಕೊಟ್ಟರೆ ಸಾಕು, ಆಗಲೇ ಹೋದ ಫೈಲುಗಳನ್ನು ಬಿಟ್ಟು ಮುಂದುವರಿಯುತ್ತದೆ. ಎರಡು ಎಚ್ಚರಿಕೆ ಮಾತ್ರ. ಯಾವುದಾದರೂ ಫೈಲ್ ಓದಲು ಬರದಿದ್ದರೆ ಅದು 30 ಸೆಕೆಂಡಿಗೊಮ್ಮೆ ಮತ್ತೆ ಪ್ರಯತ್ನಿಸುತ್ತದೆ, ನಾವು ಏನೂ ಹೇಳದಿದ್ದರೆ ಹತ್ತು ಲಕ್ಷ ಸಲ! ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ. ಮರುಪ್ರಯತ್ನ ಒಂದೇ ಸಲ ಅಂತ ಮೊದಲೇ ಹೇಳಿಬಿಡಿ. ಇನ್ನೊಂದು, ಅದರಲ್ಲಿ ಮಿರರ್ ಅನ್ನುವ ಆಯ್ಕೆ ಇದೆ, ಮೂಲದಲ್ಲಿ ಇಲ್ಲದ್ದು ಗುರಿಯಲ್ಲಿದ್ದರೆ ಅಳಿಸಿಹಾಕುತ್ತದೆ. ಎಲ್ಲಿಂದ, ಎಲ್ಲಿಗೆ ಅನ್ನುವುದನ್ನು ಅದಲು ಬದಲು ಬರೆದರೆ ಕಥೆ ಮುಗಿಯಿತು. ನಾನು ಒಮ್ಮೆ ಎಂಟರ್ ಒತ್ತುವ ಮೊದಲು ಚಹಾ ಕುಡಿಯಲು ಎದ್ದದ್ದರಿಂದ ಬಚಾವ್ ಆದೆ, ಬಂದು ನೋಡಿದರೆ ಉಲ್ಟಾ ಬರೆದಿದ್ದೆ.

ಹೋದ ಮೇಲೆ ಎರಡೂ ಕಡೆ ಫೋಲ್ಡರ್ ಪ್ರಾಪರ್ಟೀಸ್ ತೆರೆದು ಫೈಲ್ ಎಷ್ಟು, ಬೈಟ್ ಎಷ್ಟು ಅಂತ ತಾಳೆ ನೋಡಿ. ಕ್ಯಾಸೆಟ್ಟಿನದ್ದನ್ನೆಲ್ಲ ನಾನು ಫ್ಲ್ಯಾಕ್ (ಧ್ವನಿಯ ಗುಣ ಕಳೆಯದೆ ಕುಗ್ಗಿಸುವ ಫೈಲ್ ಬಗೆ) ಮಾಡಿ ಇಟ್ಟಿದ್ದಕ್ಕೆ ಒಂದು ಲಾಭ ಸಿಕ್ಕಿತು. ಫ್ಲ್ಯಾಕ್ ಫೈಲಿನಲ್ಲಿ ಮೂಲ ಧ್ವನಿಯ ಒಂದು ಗುರುತು ಅಂಕಿ ಬರೆದಿರುತ್ತದೆ, ಫೈಲ್ ಹಾಳಾಗಿದೆಯೇ ಅಂತ ಅದನ್ನು ನೋಡಿ ಪರೀಕ್ಷಿಸಬಹುದು. ಎಂಪಿ3ಗೆ ಈ ಸೌಲಭ್ಯ ಇಲ್ಲ.

ಈಗ ಕನ್ನಡದ ತಾಪತ್ರಯಕ್ಕೆ ಬರೋಣ. ಇದನ್ನು ಇಂಗ್ಲಿಷಿನ ವಿಮರ್ಶೆಗಳಲ್ಲಿ ಯಾರೂ ಬರೆಯುವುದಿಲ್ಲ. ಮೊದಲು ನಾನು ಎಲ್ಲ ವಿವರವನ್ನೂ ಫೈಲಿನ ಹೆಸರಿನಲ್ಲೇ ತುಂಬುತ್ತಿದ್ದೆ. ಪ್ರಸಂಗ, ಊರು, ಭಾಗವತರು, ಅರ್ಥಧಾರಿಗಳು, ಇಸವಿ. ವಿಂಡೋಸಿನಲ್ಲಿ ಫೋಲ್ಡರುಗಳ ಸಮೇತ ಪೂರ್ತಿ ವಿಳಾಸಕ್ಕೆ ಸಾಮಾನ್ಯವಾಗಿ 260ರ ಮಿತಿ. 260 ಅಕ್ಷರ ಧಾರಾಳ ಅಲ್ವಾ ಅನ್ನಿಸುತ್ತದೆ. ಆದರೆ "ಶ್ರೀ" ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ನಾಲ್ಕು: ಶ, ಹಲಂತ, ರ, ಈಕಾರ. ಇನ್ನು ಮಗನ ಲಿನಕ್ಸ್ ಮಷೀನಿಗೆ ಬ್ಯಾಕಪ್ ಹಾಕಲು ಹೋದರೆ ಮತ್ತೂ ಇಕ್ಕಟ್ಟು. ಅಲ್ಲಿ ಒಂದು ಹೆಸರಿಗೆ 255 ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ಅಂದರೆ 85ಕ್ಕೆ ಮುಗಿಯಿತು. ಒಬ್ಬ "ಶ್ರೀ"ಯೇ 12 ಬೈಟ್ ತಿನ್ನುತ್ತಾನೆ. ನೂರಾರು ಫೈಲ್ ಹೋಗಲಿಲ್ಲ. ಈಗ ಫೈಲ್ ಹೆಸರಿನಲ್ಲಿ ಪ್ರಸಂಗ ಮತ್ತು ಕ್ಯಾಸೆಟ್ ನಂಬರ್ ಮಾತ್ರ, ಉಳಿದದ್ದೆಲ್ಲ ಟ್ಯಾಗಿನೊಳಗೆ. ಟ್ಯಾಗ್ ನೋಡಿ ನಾವು ಹೇಳಿದ ಕ್ರಮದಲ್ಲಿ ಎಲ್ಲ ಫೈಲುಗಳ ಹೆಸರನ್ನೂ ಮ್ಯೂಸಿಕ್‌ಬೀಯೇ ಒಟ್ಟಿಗೆ ಬದಲಿಸಿಕೊಟ್ಟಿತು, ಇಲ್ಲದಿದ್ದರೆ ನಾನು ಇನ್ನೂ ಅದನ್ನೇ ಮಾಡುತ್ತಾ ಕೂತಿರುತ್ತಿದ್ದೆ.

ಇನ್ನೊಂದು ತಮಾಷೆ. "ಶೇಣಿ ಗೋಪಾಲಕೃಷ್ಣ ಭಟ್" ಅಂತ ಎರಡು ಫೋಲ್ಡರ್ ಪಕ್ಕಪಕ್ಕದಲ್ಲಿ ಇದ್ದವು. ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ವ್ಯತ್ಯಾಸ ಇಲ್ಲ. ಒಂದೇ ಹೆಸರಿನ ಎರಡು ಫೋಲ್ಡರ್ ಇರಲು ಸಾಧ್ಯವೇ ಇಲ್ಲವಲ್ಲ! ಒಂದರಲ್ಲಿ ಕೊನೆಯ ಹಲಂತದ ಆಚೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿತ್ತು, ಒತ್ತಕ್ಷರ ಆಗದಂತೆ ತಡೆಯಲು ನಾವು ಹಾಕುವಂಥದ್ದು. ಯಾವುದೋ ಕಾಲದಲ್ಲಿ ಬೇರೆ ಕೀಬೋರ್ಡಿನಲ್ಲಿ ಟೈಪ್ ಮಾಡಿದ್ದರ ಫಲ. ಹಳೆ ಎಂಪಿ3ಗಳದ್ದು ಇನ್ನೂ ಕಷ್ಟ. ಯೂನಿಕೋಡಿಗಿಂತ ಮುಂಚೆ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಬರೆದ ಟ್ಯಾಗುಗಳು ಈಗ "ಕನ್ನಡ" ಅನ್ನುವ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಗೆ ಕೊಂಬು ಬಂದ ಎ, ನಡುವೆ ಬ್ರಿಟಿಷರ ಪೌಂಡಿನ ಗುರುತು ಹೀಗೆ ಕಾಣುತ್ತವೆ. ಕನ್ವರ್ಟರಿನಲ್ಲಿ ಹಾಕಿ ಒಂದೊಂದಾಗಿ ತಿದ್ದಬೇಕು. ನಾನು 2018ರಿಂದ ತಿದ್ದುತ್ತಿದ್ದೇನೆ, ಭಾವಗೀತೆ ಮುಗಿದಿದೆ, ಸಿನಿಮಾ ಹಾಡು ಬಾಕಿ.

ಮೆಚ್ಚದ್ದೂ ಇದೆ. ಮ್ಯೂಸಿಕ್‌ಬೀ ವಿಂಡೋಸಿಗೆ ಮಾತ್ರ. ನಾಳೆ ಮ್ಯಾಕ್ ಅಥವಾ ಲಿನಕ್ಸಿಗೆ ಹೋದರೆ ಫೈಲಿನಲ್ಲಿ ಬರೆದದ್ದು ಬರುತ್ತದೆ, ಯಾವತ್ತು ಸೇರಿಸಿದ್ದು ಅನ್ನುವಂಥ ಲೈಬ್ರರಿಯೊಳಗಿನ ಸಂಗತಿ ಬರುವುದಿಲ್ಲ. ಉಚಿತ ಹೌದು, ಆದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟಿಲ್ಲ. ಇದನ್ನು ಕಟ್ಟಿದವರು ಸ್ಟೀವನ್ ಮೇಯಲ್ ಅನ್ನುವ ಒಬ್ಬರೇ. ಒಬ್ಬರ ಮೇಲೆ ನಿಂತ ವಸ್ತುವನ್ನು ನೆಚ್ಚಿಕೊಳ್ಳುವಾಗ ಸ್ವಲ್ಪ ಅಳುಕು ಇದ್ದೇ ಇರುತ್ತದೆ. ಪ್ರಿಫರೆನ್ಸಸ್ ತೆರೆದರೆ ತಲೆ ತಿರುಗುತ್ತದೆ, ಅಷ್ಟೊಂದು ಗುಂಡಿ, ಅಷ್ಟೊಂದು ಚೌಕ. ಹಾಡು ಹಾಕಿ ಕೇಳಿದರೆ ಸಾಕು ಅನ್ನುವವರಿಗೆ ವಿಎಲ್‌ಸಿ ಸಾಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿಮೆ ಮಾಡಿದ್ದು ವಿಂಡೋಸಿಗೆ ಮಾತ್ರ ಅನ್ನುವುದಕ್ಕೆ.

ಸಾಗಿಸಿ ಮುಗಿದ ರಾತ್ರಿಯೇ ಮಾವನ ಫೋನ್. "ಮಾರಾಯ, ಆ 63ನೇ ಕ್ಯಾಸೆಟ್ಟಿನದ್ದು ಹೊಸದರಲ್ಲಿ ಬಂತಾ?"

"ಬಂದಿದೆ ಮಾವ, ನೀವು ಕೊಡಿಸಿದ ಐದು ನಕ್ಷತ್ರದ ಸಮೇತ."

"ನಾಡಿದ್ದು ಪೆನ್ ಡ್ರೈವಿಗೆ ಹಾಕಿ ಕೊಡು ಹಾಗಾದ್ರೆ, ಕಾರಲ್ಲಿ ಕೇಳ್ತೇನೆ."

ಅವರ ಕಾರಿನ ಸ್ಟೀರಿಯೊ ಫ್ಯಾಟ್ 32 ಅನ್ನುವ ಹಳೆ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್ ಮಾತ್ರ ಓದುತ್ತದೆ, ಫ್ಲ್ಯಾಕ್ ಅಂದರೆ ಏನೆಂದೇ ಅದಕ್ಕೆ ಗೊತ್ತಿಲ್ಲ, ಕನ್ನಡ ಹೆಸರೆಲ್ಲ ಚೌಕ ಚೌಕವಾಗಿ ಕಾಣುತ್ತದೆ. ಎಂಪಿ3 ಮಾಡಿ, ಹೆಸರಿನ ಮುಂದೆ 01, 02 ಅಂತ ಹಾಕಿ ಕೊಟ್ಟೆ. ಹಳೆ ಸಿಪಿಯು ಮೇಜಿನ ಕೆಳಗೇ ಇದೆ. ಯುಗಾದಿ ಕಳೆಯುವ ತನಕ ಅದನ್ನು ಫಾರ್ಮ್ಯಾಟ್ ಮಾಡುವುದಿಲ್ಲ.