ಸಕ್ಕಾರಾದ ಸಮಾಧಿಯೂ ಬಾವಿ ತೋಡುತ್ತಿದ್ದ ನಮ್ಮಪ್ಪನೂ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಎಂಟನೇ ತರಗತಿಗೆ ಪ್ರತಿ ವರ್ಷ ಈಜಿಪ್ಟ್ ಬರುತ್ತದೆ. ನೈಲ್ ನದಿ, ಪಿರಮಿಡ್, ಮಮ್ಮಿ. ಒಂದೆರಡು ಪಿರಿಯಡ್‌ನಲ್ಲಿ ಮುಗಿದುಹೋಗುತ್ತದೆ. ಹೋದ ವರ್ಷ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಇದೆಲ್ಲಾ ಅವರಿಗೆ ಹೆಂಗೆ ಗೊತ್ತಾಯ್ತು?" ಅಂತ ಕೇಳಿದ. ಅಗೆದು ನೋಡಿ ತಿಳಿದುಕೊಂಡರು ಅಂದೆ. ಆದರೆ ಅಗೆಯುವುದು ಅಂದರೆ ಏನು ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಹಾಗೆ ಡಾಕ್ಯುಮೆಂಟರಿ ಹುಡುಕಲು ಶುರು ಮಾಡಿದೆ. ಸಿಕ್ಕಿದ್ದರಲ್ಲಿ ಜಾಸ್ತಿ ಒಂದೇ ಥರ. ಪಿರಮಿಡ್ ಮೇಲೆ ಹಾರುವ ಕ್ಯಾಮೆರಾ, ಕಂಪ್ಯೂಟರಿನಲ್ಲಿ ಮಾಡಿದ ಸೈನ್ಯ, ಗಡಸು ದನಿಯ ಒಬ್ಬ ನಿರೂಪಕ. ಇನ್ನು ಕೆಲವು ಪಿರಮಿಡ್ ಕಟ್ಟಿದವರು ಬೇರೆ ಗ್ರಹದವರು ಅನ್ನುತ್ತವೆ. ಅವನ್ನು ನೋಡಿದಾಗ ನನಗೆ ನಿಜವಾಗಿ ನೋವಾಗುತ್ತದೆ. ಅಷ್ಟು ಜನ ಬೆವರು ಸುರಿಸಿ ಕಟ್ಟಿದ್ದನ್ನು ಅವರ ಕೈಯಿಂದಲೇ ಕಿತ್ತುಕೊಂಡಂತೆ ಅಲ್ವಾ?

ಕೊನೆಗೆ ಸಿಕ್ಕಿದ್ದು ‘ಸೀಕ್ರೆಟ್ಸ್ ಆಫ್ ದ ಸಕ್ಕಾರಾ ಟೂಮ್’. 2020ರಲ್ಲಿ ಬಂದದ್ದು, ನೆಟ್‌ಫ್ಲಿಕ್ಸ್‌ನಲ್ಲಿದೆ. ಹೆಚ್ಚೂಕಡಿಮೆ 2 ಗಂಟೆ.

ಸಕ್ಕಾರಾ ಕೈರೋದಿಂದ ದಕ್ಷಿಣಕ್ಕೆ, ಜೋಸರ್ ರಾಜನ ಮೆಟ್ಟಿಲು ಪಿರಮಿಡ್ ಇರುವ ಜಾಗ. ಹಳೆಯ ರಾಜಧಾನಿ ಮೆಂಫಿಸ್‌ನವರ ಸ್ಮಶಾನ ಅದು. 2018ರಲ್ಲಿ ಅಲ್ಲಿ ಒಂದು ಸಮಾಧಿ ಸಿಕ್ಕಿತು. ಸುಮಾರು 4,400 ವರ್ಷ ಹಳೆಯದು. ಕಳ್ಳರು ಮುಟ್ಟಿರಲಿಲ್ಲ. ಉದ್ದ 10 ಮೀಟರ್, ಅಗಲ 3 ಮೀಟರ್. ನಮ್ಮ ತರಗತಿಯ ಕೋಣೆಯಷ್ಟೂ ಅಗಲವಿಲ್ಲ. ಅಷ್ಟರಲ್ಲೇ ಗೋಡೆ ಕೊರೆದು ಮಾಡಿದ 50ಕ್ಕೂ ಹೆಚ್ಚು ಮೂರ್ತಿಗಳು. ಸುತ್ತಲೂ ಬಣ್ಣದ ಚಿತ್ರ. ದ್ರಾಕ್ಷಿಯಿಂದ ಮದ್ಯ ಮಾಡುವವರು, ಮಡಕೆ ಮಾಡುವವರು, ಬೇಟೆಗೆ ಹೊರಟವರು. ಸಮಾಧಿ ವಾಹ್ತಿಯೆ ಎಂಬ ಪುರೋಹಿತನದು. ನೆಫೆರಿರ್ಕಾರೆ ರಾಜನ ಕಾಲದವನು. ತಾಯಿಯ ಹೆಸರು, ಹೆಂಡತಿಯ ಹೆಸರು ಎಲ್ಲಾ ಗೋಡೆಯ ಮೇಲೇ ಇದೆ. ನಬೀಲ್ ಎಂಬ ತಜ್ಞರು ಆ ಚಿತ್ರಲಿಪಿಯನ್ನು ಓದುತ್ತಾರೆ.

ಇದನ್ನು ನಾನು ನೋಡಿದ್ದು ಅಪ್ಪನ ಜೊತೆ. ಅಪ್ಪ ಹೊಸದುರ್ಗದ ಕಡೆ ಬಾವಿ ತೋಡುತ್ತಿದ್ದವರು. ಬೋರ್‌ವೆಲ್ ಬಂದ ಮೇಲೆ ಆ ಕೆಲಸ ನಿಂತಿತು. ಇಂಗ್ಲಿಷ್ ಬರುವುದಿಲ್ಲ. ಸಿನಿಮಾದಲ್ಲಿ ಮಾತಾಡುವವರು ಬಹುತೇಕ ಅರೇಬಿಕ್ ಮಾತಾಡುತ್ತಾರೆ, ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತದೆ. ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಅರ್ಧ ಗಂಟೆ ಆದ ಮೇಲೆ ಅಪ್ಪನಿಗೆ ನಾನು ಹೇಳುವುದೇ ಬೇಕಾಗಲಿಲ್ಲ.

ಯಾಕೆಂದರೆ ಸಮಾಧಿಯ ನೆಲದಲ್ಲಿ ಗುಂಡಿಗಳಿವೆ. ಒಟ್ಟು 5. ಹೆಣ ಇಡಲೆಂದು ತೋಡಿದ್ದು. ಗರೀಬ್ ಎಂಬಾತ ಒಳಗಿಳಿದು ಅಗೆಯುತ್ತಾನೆ. ಮಣ್ಣು ಬುಟ್ಟಿಯಲ್ಲಿ ಮೇಲೆ ಹೋಗುತ್ತದೆ. ಅಪ್ಪ ಸೋಫಾದಿಂದ ಮುಂದಕ್ಕೆ ಜರುಗಿ ಕೂತರು. "ನೋಡವ್ವ, ಅದು ಹುಟ್ಟಿದ ಮಣ್ಣಲ್ಲ, ತುಂಬಿದ ಮಣ್ಣು. ಗುದ್ದಲಿ ಹೆಂಗೆ ಇಳಿತೈತೆ ನೋಡು. ಇನ್ನೂ ಕೆಳಗೈತೆ" ಅಂದರು. ನಾನು ರಿಮೋಟ್ ಹಿಡಿದುಕೊಂಡೇ ಕೂತಿದ್ದೆ. ಪುರಾತತ್ವದ ಮೊದಲ ಪಾಠವೇ ಅದು. ಮನುಷ್ಯ ಒಮ್ಮೆ ಅಗೆದು ಮತ್ತೆ ತುಂಬಿದ ಜಾಗ ಯಾವುದು, ಯಾರೂ ಮುಟ್ಟದ ನೆಲ ಯಾವುದು ಅಂತ ಮೊದಲು ತಿಳಿಯಬೇಕು. ನಾನು ಅದನ್ನು ಬಿ.ಎ. ಓದುವಾಗ ಪುಸ್ತಕದಲ್ಲಿ ಓದಿದ್ದೆ. ಅಪ್ಪನಿಗೆ ಅದು ಕೈಯಲ್ಲೇ ಇತ್ತು.

ಈ ಸಿನಿಮಾ ನನಗೆ ಇಷ್ಟವಾಗಲು ದೊಡ್ಡ ಕಾರಣ ಇದೇ. ಇಲ್ಲಿ ಕಥೆ ಹೇಳುವವರು ಅಗೆಯುವವರೇ. ತಂಡ ಪೂರ್ತಿ ಈಜಿಪ್ಟಿನವರದು. ಟುಟಾಂಖಾಮನ್ ರಾಜನ ಸಮಾಧಿ ಪತ್ತೆ ಮಾಡಿದ್ದು ಯಾರು ಅಂದ ಕೂಡಲೇ ನಮ್ಮ ಮಕ್ಕಳು 1922, ಹೋವರ್ಡ್ ಕಾರ್ಟರ್ ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಅಲ್ಲಿ ಮಣ್ಣು ಹೊತ್ತವರ ಹೆಸರನ್ನು ನಾನು ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳಿಲ್ಲ. ಇಲ್ಲಿ ಗರೀಬ್‌ಗೆ ಹೆಸರಿದೆ, ಮುಖವಿದೆ, ಅಭಿಪ್ರಾಯವೂ ಇದೆ. ತಮ್ಮ ಹಿರಿಯರನ್ನೇ ಹುಡುಕುತ್ತಿದ್ದೇವೆ ಎಂಬ ಭಾವನೆ ಆ ತಂಡದವರ ಮಾತಿನಲ್ಲಿ ಕಾಣುತ್ತದೆ.

ಕೆಲಸದ ಒತ್ತಡವನ್ನೂ ಚೆನ್ನಾಗಿ ಹಿಡಿದಿದ್ದಾರೆ. ರಂಜಾನ್ ಹತ್ತಿರ ಬರುತ್ತಿದೆ, ಹಣ ಮುಗಿಯುತ್ತಿದೆ. ಅಷ್ಟರೊಳಗೆ ಏನಾದರೂ ಸಿಗಬೇಕು. ಹತ್ತಿರದಲ್ಲೇ ಇನ್ನೊಂದು ಕಡೆ ಬೆಕ್ಕಿನ ಮಮ್ಮಿಗಳು ಸಿಗುತ್ತವೆ. ಬಾಸ್ಟೆಟ್ ದೇವಿಗೆ ಹರಕೆಯಾಗಿ ಕೊಟ್ಟವು. ಅವುಗಳ ನಡುವೆ ಒಂದು ಸಿಂಹದ ಮರಿಯೂ ಇರುತ್ತದೆ. ಆ ಭಾಗ ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಮೂಳೆಗಳ ಭಾಗ. ಕೈರೋ ವಿಶ್ವವಿದ್ಯಾಲಯದ ವೈದ್ಯೆ ಅಮೀರಾ ಶಾಹೀನ್ ಬಂದು ಒಂದೊಂದೇ ಮೂಳೆಯನ್ನು ಕೈಗೆತ್ತಿಕೊಂಡು ನೋಡುತ್ತಾರೆ. ಸಿಕ್ಕಿದ್ದು ವಾಹ್ತಿಯೆಯ ಮನೆಯವರ ಮೂಳೆ. ತಾಯಿ, ಮಕ್ಕಳು. ಒಂದೇ ಕಾಲದಲ್ಲಿ ತೀರಿಕೊಂಡರೇ? ಯಾವುದೋ ರೋಗ ಮನೆಗೆ ಬಂದಿತ್ತೇ? ವಾಹ್ತಿಯೆಯ ಮೂಳೆಗಳು ಊದಿಕೊಂಡಂತಿವೆ ಅನ್ನುತ್ತಾರೆ. ಮಲೇರಿಯಾ ಇರಬಹುದೇ ಎಂಬ ಪ್ರಶ್ನೆ ಬರುತ್ತದೆ. ಅವರು ಅದನ್ನು ಊಹೆ ಅಂತಲೇ ಹೇಳುತ್ತಾರೆ, ತೀರ್ಪು ಅಂತ ಅಲ್ಲ. ಮಕ್ಕಳಿಗೆ ನಾನು ಕಲಿಸಬೇಕಾದದ್ದು ಅದನ್ನೇ. ಗೊತ್ತಿರುವುದು ಇಷ್ಟು, ಅಂದಾಜು ಇಷ್ಟು. ಗೋಡೆಯ ಮೇಲೆ ಅಷ್ಟು ಜಂಬದಿಂದ ನಿಂತ ಮನುಷ್ಯ, ಕೆಳಗೆ ಕಾಯಿಲೆ ಬಿದ್ದ ಮೈ. ಅಪ್ಪ ಆಗ ಏನೂ ಮಾತಾಡಲಿಲ್ಲ. ನಾನೂ ನಿಲ್ಲಿಸಿ ವಿವರಿಸಲು ಹೋಗಲಿಲ್ಲ.

ಕೊರತೆಗಳೂ ಇವೆ. ಹಿನ್ನೆಲೆ ಸಂಗೀತ ಜಾಸ್ತಿ. ಗುಂಡಿಯಲ್ಲಿ ಗುದ್ದಲಿಯ ಸದ್ದು ಮಾತ್ರ ಕೇಳಿದ್ದರೆ ಸಾಕಿತ್ತು. ವಾಹ್ತಿಯೆ ಬದುಕಿದ್ದ ಐದನೇ ರಾಜವಂಶ ಅಂದರೆ ಯಾವ ಕಾಲ, ಗೀಜಾದ ಪಿರಮಿಡ್‌ಗಳಿಗಿಂತ ಮೊದಲೋ ಆಮೇಲೋ ಅಂತ ಹೊಸಬರಿಗೆ ಸುಲಭವಾಗಿ ತಿಳಿಯುವುದಿಲ್ಲ. ಆಮೇಲೆ ಅನ್ನುವುದು ಉತ್ತರ. ತೋರಿಸುವ ಮೊದಲು ಶಿಕ್ಷಕರು ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಜೋಸರ್, ಗೀಜಾ, ವಾಹ್ತಿಯೆ, ಟುಟಾಂಖಾಮನ್ ಅಂತ ಸಾಲಾಗಿ ಬರೆದರೆ ಒಳ್ಳೆಯದು. ಪುಟ್ಟ ಮಕ್ಕಳಿಗೆ ಮೂಳೆಗಳ ದೃಶ್ಯ ತೋರಿಸುವ ಮೊದಲು ಒಂದು ಸಲ ನೀವೇ ನೋಡಿ.

ಪೂರ್ತಿ ಒಂದೇ ಸಲ ತೋರಿಸಲು ಶಾಲೆಯಲ್ಲಿ ಸಮಯ ಸಾಲುವುದಿಲ್ಲ. ಮೊದಲ ದಿನ ಸಮಾಧಿಯ ಗೋಡೆಗಳು, ಎರಡನೇ ದಿನ ಗುಂಡಿ, ಮೂರನೇ ದಿನ ಮೂಳೆ. ನಾನು ಹೀಗೆ ಮೂರು ಭಾಗ ಮಾಡಿಕೊಂಡಿದ್ದೇನೆ. ಎರಡನೇ ದಿನ ಅಪ್ಪನೂ ಶಾಲೆಗೆ ಬರುತ್ತಾರೆ. ಮನೆಯ ಹಿಂದೆ ಇಟ್ಟಿದ್ದ ಹಳೆಯ ಗುದ್ದಲಿಗೆ ಹೊಸ ಕಾವು ಹಾಕಿಸಿದ್ದಾರೆ. ತುಂಬಿದ ಮಣ್ಣು ಯಾವುದು, ಹುಟ್ಟಿದ ಮಣ್ಣು ಯಾವುದು ಅಂತ ಶಾಲೆಯ ಹಿಂದಿನ ಬಯಲಿನಲ್ಲಿ ಮಕ್ಕಳಿಗೆ ಅಗೆದು ತೋರಿಸುತ್ತಾರಂತೆ.